ಅಯ್ಯಣ್ಣನ ಎದೆಗೆ ಎಂಬತ್ತೇಳು ಅಂಕ

ದೇವಾಪುರದ ಅಯ್ಯಣ್ಣನಿಗೆ ಹೃದಯವೊಂದಿದೆ ಎಂಬ ಸಂಗತಿ ಆ ಸೋಮವಾರದ ಸಂಜೆಯವರೆಗೆ ಸ್ವತಃ ಅವನಿಗೂ ಅಷ್ಟಾಗಿ ಗೊತ್ತಿರಲಿಲ್ಲ. ಇದ್ದಿರಬಹುದು ಎಂಬ ಅಂದಾಜು ಇತ್ತು, ಅಷ್ಟೆ. ಐವತ್ತು ದಾಟಿದ ಆ ಹೃದಯವೂ ತನ್ನ ಪಾಡಿಗೆ ತಾನು ಕೆಲಸ ಮಾಡಿಕೊಂಡು, ಒಡೆಯನನ್ನು ಒಂದು ದಿನವೂ ಮಾತಾಡಿಸದೆ ಕಾಲ ಕಳೆದಿತ್ತು.

ಅಯ್ಯಣ್ಣ ತನ್ನ ಹೃದಯವನ್ನು ಮರೆತಿದ್ದನೇ ಹೊರತು ಊರಿನವರ ಮೈಯನ್ನು ಮರೆತವನಲ್ಲ. ಶಾಲೆಯಲ್ಲಿ ಏಳನೆಯ ಇಯತ್ತೆಗೆ ನಿಂತ ಅವನ ವಿದ್ಯಾಭ್ಯಾಸವನ್ನು ಮುಂದುವರಿಸಿದ್ದು ಫೋನು. ಫೋನಿನಲ್ಲಿ ಬಂದ ಔಷಧಗಳನ್ನೆಲ್ಲ ಅವನು ಊರಿಗೆ ಧಾರಾಳವಾಗಿ ಹಂಚುತ್ತಿದ್ದ. ಮೊಣಕಾಲು ನೋವಿನ ಒಬ್ಬ ಮನುಷ್ಯನಿಗೆ ಹಸಿ ಉಳ್ಳಾಗಡ್ಡಿ ಅರೆದು, ಬಟ್ಟೆಯಲ್ಲಿ ಬಿಗಿದು ಮಲಗಲು ಹೇಳಿದ. ನೋವು ಹೋಗಲಿಲ್ಲ, ವಾಸನೆಗೆ ಹೆಂಡತಿ ತವರಿಗೆ ಹೋದಳು. ಆದರೂ ಊರವರು ಅಯ್ಯಣ್ಣನನ್ನು ಅರ್ಧ ಡಾಕ್ಟರ್ ಅನ್ನುವುದನ್ನು ಬಿಡಲಿಲ್ಲ. ಉಳಿದರ್ಧ ಎಲ್ಲಿದೆ ಎಂದು ಯಾರೂ ಕೇಳಿರಲಿಲ್ಲ.

ಅದನ್ನು ಕೇಳಿದವನು ಮಲ್ಲಣ್ಣ. ಮಲ್ಲಣ್ಣನ ಹೊಲ ಅಯ್ಯಣ್ಣನ ಹೊಲಕ್ಕೆ ಹತ್ತಿಕೊಂಡೇ, ಒಂದು ಒಡ್ಡಿನ ಕೆಳಗೆ. ಕಾಲುವೆ ನೀರು ಮೊದಲು ಅಯ್ಯಣ್ಣನಿಗೆ, ಅವನ ಪಾಳಿ ಮುಗಿದ ಮೇಲೆ ಮಲ್ಲಣ್ಣನಿಗೆ. ಕಾಲುವೆ ಬಂದ ದಿನದಿಂದಲೂ ಮಲ್ಲಣ್ಣನಿಗೆ ಈ ಕ್ರಮ ಅಷ್ಟು ಸರಿ ಕಂಡಿರಲಿಲ್ಲ. ಆ ಸೋಮವಾರ ಸಂಜೆ ಇಬ್ಬರೂ ಬಾಷುಮಿಯಾನ ಚಾದಂಗಡಿಯಲ್ಲಿ ಹತ್ತಾರು ಜನರ ನಡುವೆ ಕೂತಿದ್ದರು. ಮರುದಿನ ಅಯ್ಯಣ್ಣನ ಪಾಳಿ. ಅದು ಅಂತಿಂಥ ಪಾಳಿಯಲ್ಲ, ಆ ಬೇಸಿಗೆಯ ಕೊನೆಯ ಪಾಳಿ. ಈ ಸುತ್ತು ಮುಗಿದ ಮೇಲೆ ಕಾಲುವೆ ಬಂದ್. ಶೇಂಗಾ ಕಾಯಿ ತುಂಬುವ ಹೊತ್ತು. ಈ ಒಂದು ನೀರು ಬಿದ್ದರೆ ಕಾಯೊಳಗೆ ಕಾಳು, ಬೀಳದಿದ್ದರೆ ಕಾಯೊಳಗೆ ಗಾಳಿ.

ಬಾಷುಮಿಯಾ ಕೊಟ್ಟ ಮಿರ್ಚಿ ಭಜಿಯನ್ನು ಕಡಿಯುತ್ತ ಅಯ್ಯಣ್ಣ ಯಾರಿಗೋ ಪಿತ್ತಕ್ಕೆ ಔಷಧ ಹೇಳುತ್ತಿದ್ದ. ಮಲ್ಲಣ್ಣ ಬಸಿಯಲ್ಲಿದ್ದ ಚಾ ಸೊರ್ರನೆ ಹೀರಿ, "ಊರ ಮಂದಿ ಪಿತ್ತ, ವಾಯು ಎಲ್ಲಾ ನಿನಗ ಗೊತ್ತಯ್ಯಣ್ಣ. ನಿನ್ನ ಮೈಯಾಗ ಏನೈತಿ ಅಂತ ಒಂದಿನಾರ ನೋಡ್ಕೊಂಡೀಯೇನು?" ಎಂದ.

"ನನ್ನ ಮೈಯಾಗ ಏನೈತಿ? ಕಬ್ಬಿಣ ಐತಿ."

"ಬಾಯಿಲೆ ಅಂದ್ರ ನಡ್ಯಾಂಗಿಲ್ಲ. ನಿನ್ನ ಫೋನಿನ್ಯಾಗ ಎದಿ ಪರೀಕ್ಷಾ ಮಾಡೂದು ಬಂದೈತಂತಲ್ಲ, ಪುಕ್ಕಟ. ಮಾಡ್ಕೋ. ನಾವೂ ನೋಡ್ತೀವಿ, ಎಷ್ಟು ಗಟ್ಟಿ ಅದೀ ಅಂತ."

ಇಷ್ಟು ಜನರ ಮುಂದೆ ಇಂಥ ಸವಾಲು ಬಂದಾಗ ಹಿಂದೆ ಸರಿಯುವುದು ಅಯ್ಯಣ್ಣನ ಮನೆತನದಲ್ಲಿಲ್ಲ. ಅಂದೇ ಬೆಳಿಗ್ಗೆ ಎಲ್ಲಿಂದಲೋ ಬಂದಿದ್ದ 'ಜೀವಮಿತ್ರ' ಎಂಬ ಆ್ಯಪನ್ನು ಹೆಬ್ಬೆರಳಿನಿಂದ ಒತ್ತಿದ. ಜೀವಮಿತ್ರ ಮೊದಲು ಅಪ್ಪಣೆ ಕೇಳಿತು. ನಿಮ್ಮ ಫೋನಿನಲ್ಲಿರುವ ನಂಬರುಗಳನ್ನು ನೋಡಲೇ? ಫೋಟೋ ನೋಡಲೇ? ನೀವು ಎಲ್ಲಿದ್ದೀರಿ ಎಂದು ತಿಳಿಯಲೇ? ಅಯ್ಯಣ್ಣ ಎಲ್ಲದಕ್ಕೂ ಹೌದು ಒತ್ತಿದ.

"ಪಾಪ, ಕೇಳಿ ತಗೊಳ್ಳಾಕತ್ತೈತಿ ನೋಡ್ರಿ," ಎಂದ ಬಾಷುಮಿಯಾ. "ಮರ್ಯಾದಸ್ಥ ಮನಷ್ಯಾ ಇದ್ದಾಂಗ ಐತಿ."

ಆಮೇಲೆ ಪ್ರಶ್ನೆಗಳು ಶುರುವಾದವು. ಫೋನಿನಿಂದ ಒಬ್ಬ ಹೆಣ್ಣುಮಗಳು ಪುಸ್ತಕದ ಕನ್ನಡದಲ್ಲಿ ಕೇಳುತ್ತಿದ್ದಳು.

"ನಿಮಗೆ ಅತಿಯಾಗಿ ಬೆವರು ಬರುತ್ತದೆಯೇ?"

ಮಾರ್ಚ್ ತಿಂಗಳು, ಸುರಪುರ ಸೀಮೆ, ತಗಡಿನ ಕೆಳಗೆ ಎಣ್ಣೆ ಕಾಯಿಸುವ ಒಲೆ. ಕೂತವರೆಲ್ಲ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಎಲ್ಲರ ಅಂಗಿಯೂ ಬೆನ್ನಿಗೆ ಅಂಟಿತ್ತು. "ಈಕಿ ಯಾವ ದೇಶದಾಕಿಪಾ? ಹೌದು ಒತ್ತು," ಎಂದರು.

"ನಿಮ್ಮ ಎದೆಯಲ್ಲಿ ಉರಿ ಕಾಣಿಸಿಕೊಳ್ಳುತ್ತಿದೆಯೇ?"

ಅಯ್ಯಣ್ಣ ಕೈಯಲ್ಲಿದ್ದ ಅರ್ಧ ಮಿರ್ಚಿಯನ್ನು ನೋಡಿದ. ಬಾಷುಮಿಯಾ ಸೌಟು ಎತ್ತಿಕೊಂಡೇ ಮುಂದೆ ಬಂದ. "ನನ್ನ ಮಿರ್ಚಿ ತಿಂದೂ ಎದಿ ಉರಿಯಾಂಗಿಲ್ಲಂದ್ರ ನಾ ನಾಳಿಂದ ಅಂಗಡಿ ಬಂದ್ ಮಾಡ್ತೀನ್ರಿ. ಹೌದು ಒತ್ರಿ ಅಣ್ಣಾರ, ನಮ್ಮಪ್ಪನ ಕಾಲದ ಅಂಗಡಿ, ಇಜ್ಜತ್ ಪ್ರಶ್ನಿ ಐತಿ."

"ಎಡಗೈಯಲ್ಲಿ ನೋವು ಇದೆಯೇ?"

ಅಯ್ಯಣ್ಣ ಎಡಚ. ನಿನ್ನೆಯಿಡೀ ಸಲಿಕೆ ಹಿಡಿದು, ಕಾಲುವೆಯಿಂದ ಹೊಲಕ್ಕೆ ನೀರು ಹಾಯುವ ಹರಿ ಸ್ವಚ್ಛ ಮಾಡಿದ್ದ. "ನಿನ್ನ ಬಲಗೈನೂ ನೋಯತಿರಬೇಕು, ಅದಕ್ಕೊಂದು ಜಾಗ ಐತೇನು ನೋಡು," ಎಂದು ಮಲ್ಲಣ್ಣ ಇಣುಕಿದ. ಇರಲಿಲ್ಲ. ಎಡಗೈಗೆ ಮಾತ್ರ ಹೌದು ಬಿತ್ತು.

"ಮೇಲೆ ಹತ್ತುವಾಗ ಏದುಸಿರು ಬರುತ್ತದೆಯೇ?"

"ಶೇಂಗಾ ಚೀಲಾ ಹೊತ್ತು ಮಾಳಿಗಿ ಏಣಿ ಹತ್ತಿದ್ರ ಯಾಂವಗ ದಮ್ಮು ಬರಾಂಗಿಲ್ಲ? ಖರೇ ಹೇಳಬೇಕಪಾ, ಪರೀಕ್ಷಾದಾಗ ಸುಳ್ಳ ಬರೀಬಾರದು," ಎಂದು ಅಯ್ಯಣ್ಣನೇ ನ್ಯಾಯ ಹೇಳಿ ಹೌದು ಒತ್ತಿದ.

"ಮನಸ್ಸಿನಲ್ಲಿ ಚಡಪಡಿಕೆ ಇದೆಯೇ? ನಿದ್ರೆ ಬರುತ್ತಿಲ್ಲವೇ?"

ನಾಳೆ ಕೊನೆಯ ನೀರು ಇರುವ ಯಾವ ರೈತನಿಗೆ ನಿದ್ರೆ ಬರುತ್ತದೆ? ಹೌದು.

ಜೀವಮಿತ್ರ ಸ್ವಲ್ಪ ಹೊತ್ತು ಗಿರಗಿರ ತಿರುಗಿತು. ಆಮೇಲೆ ಪರದೆಯ ನಡುವೆ ಕುಂಕುಮದಂಥ ಕೆಂಪು ಬಟ್ಟು ಮೂಡಿ, ಅದರೊಳಗೆ ದಪ್ಪಗೆ ಎಂಬತ್ತೇಳು ಎಂದು ಬಂತು. ಕೆಳಗೆ ಇರುವೆ ಸಾಲಿನಂತೆ ಸಣ್ಣ ಅಕ್ಷರಗಳಿದ್ದವು. ಅಯ್ಯಣ್ಣನ ಚಸ್ಮಾ ಮನೆಯಲ್ಲಿತ್ತು.

"ಎಂಬತ್ತೇಳು! ನೂರಕ್ಕ ಎಂಬತ್ತೇಳು!" ಎಂದು ಬಾಷುಮಿಯಾ ಕೂಗಿದ. "ಫಸ್ಟ್ ಕ್ಲಾಸ್ ಪಾಸ್ ಅಣ್ಣಾರ!"

ಅಂಗಡಿ ಮುಂದೆ ಇದ್ದವರೆಲ್ಲ ಬಂದು ಎಂಬತ್ತೇಳನ್ನು ನೋಡಿ ಹೋದರು. ನೀನೂ ಫೋನು ತೆಗೆ ಎಂದು ಅವರು ಮಲ್ಲಣ್ಣನಿಗೆ ಹೇಳಿದಾಗ ಅವನು, "ನನ್ನ ಫೋನಿನ್ಯಾಗ ಜಾಗಾ ಇಲ್ಲೋ," ಎಂದು ಜಾರಿಕೊಂಡ. ಅಷ್ಟರಲ್ಲಿ ಹೆಣ್ಣುಮಗಳು ಕೊನೆಯ ಮಾತು ಕೇಳಿದಳು: "ಈ ಫಲಿತಾಂಶವನ್ನು ನಿಮ್ಮ ಆಪ್ತರೊಂದಿಗೆ ಹಂಚಿಕೊಳ್ಳಲೇ?"

"ಹಂಚವಾ, ಹಂಚು," ಎಂದ ಅಯ್ಯಣ್ಣ. "ಒಬ್ಬರನ್ನೂ ಬಿಡಬ್ಯಾಡ."

ಆ ಇರುವೆ ಸಾಲಿನಲ್ಲಿ ಬರೆದಿದ್ದುದು ಹೀಗೆ: ಇದು ನಿಮ್ಮ ಅಪಾಯದ ಮಟ್ಟ. ಆಪ್ತರಿಗೆ ಹೋದದ್ದು ಅದಕ್ಕಿಂತ ಸ್ವಲ್ಪ ದೊಡ್ಡ ಅಕ್ಷರದಲ್ಲಿತ್ತು: 'ನಿಮ್ಮ ಆಪ್ತರಾದ ಅಯ್ಯಣ್ಣ ದೇವಾಪುರ ಇವರ ಹೃದಯ ತೀವ್ರ ಅಪಾಯದಲ್ಲಿದೆ. ದಯವಿಟ್ಟು ಅವರನ್ನು ಒಂಟಿಯಾಗಿ ಬಿಡಬೇಡಿ.' ಅಯ್ಯಣ್ಣನ ಫೋನಿನಲ್ಲಿ ಆಪ್ತರಲ್ಲದ ನಂಬರು ಒಂದೂ ಇರಲಿಲ್ಲ. ಶಹಾಪುರದ ಅಕ್ಕ, ಹುಣಸಗಿಯ ಬೀಗರು, ಸುರಪುರದ ಗೊಬ್ಬರದಂಗಡಿ, ಯಾದಗಿರಿಯಲ್ಲಿ ಒಮ್ಮೆ ಕೊಡೆ ಮರೆತು ಬಂದಿದ್ದ ಖಾನಾವಳಿ, ಎಮ್ಮೆಗೆ ಸೂಜಿ ಹಾಕುವ ಡಾಕ್ಟರು, ಎಲ್ಲರಿಗೂ ಹೋಯಿತು.

ಮರುದಿನ ಬೆಳಿಗ್ಗೆ ಅಯ್ಯಣ್ಣ ರೊಟ್ಟಿ ತಿಂದು, ಧೋತರ ಮೊಣಕಾಲಿಗೆ ಏರಿಸಿ ಸಲಿಕೆ ಹೆಗಲಿಗೆ ಹಾಕಿದ. ಪಾಳಿ ಹನ್ನೊಂದಕ್ಕೆ. ಹೊಲ ಮನೆಯ ಹಿಂದೆಯೇ, ಕಾಲುವೆ ಏರಿಯ ಮೇಲೆ ನಾಲ್ಕು ಹೆಜ್ಜೆ. ಆದರೂ ಪಾಳಿಯ ದಿನ ಮನುಷ್ಯ ಮುಂಚೆಯೇ ಹೊಲದಲ್ಲಿರಬೇಕು. ನೀರು ಬಿಡುವ ಯಂಕಣ್ಣನ ಕಾಯಿದೆ ಬಹಳ ಬಿಗಿ. ಪಾಳಿಯವನು ಹೊಲದಲ್ಲಿ ಕಂಡರೆ ನೀರು, ಕಾಣದಿದ್ದರೆ ನೀರು ಮುಂದಿನವನಿಗೆ. ಮುಂದಿನವನು ಮಲ್ಲಣ್ಣ.

ಬಾಗಿಲು ದಾಟುವಷ್ಟರಲ್ಲಿ ಎದುರಿಗೆ ಅಕ್ಕ ಬಸ್ಸಮ್ಮ ಬಂದಳು. ಶಹಾಪುರದಿಂದ ಮೊದಲ ಬಸ್ಸಿಗೆ ಬಂದಿದ್ದಳು. ಕೈಯಲ್ಲಿ ಬ್ರೆಡ್ಡು, ಹಿಂದೆ ಬಾಳೆಹಣ್ಣು ಹಿಡಿದ ಅವಳ ಗಂಡ, ಅಯ್ಯಣ್ಣನ ಮಾವ.

"ಯಪ್ಪಾ ನನ್ನ ತಮ್ಮಾ! ನಾ ಏನು ಸತ್ತಿದ್ನೇನೋ? ನಿನ್ನ ಎದಿ ಒಡ್ಯಾಕತ್ತಿದ್ದು ನನಗ ಫೋನು ಹೇಳಬೇಕಾತೇನೋ?"

"ಅಕ್ಕಾ, ನನಗೇನಾಗೇತಿ? ಆರಾಮ ಅದೀನಿ."

"ಹಿಂಗ ಆರಾಮ ಅದೀನಿ ಅಂದವರನ್ನ ಎಷ್ಟು ಮಂದೀನ ನೋಡೀನಿ! ಆ ಸಲಿಕಿ ಇಳಸು ಮೊದಲ! ರೀ, ಅವನ ಕೈಯಾಗಿನ ಸಲಿಕಿ ಕಸಗೋರಿ!"

ಮಾವ ಸಲಿಕೆ ಕಸಿದುಕೊಂಡ. ಅಯ್ಯಣ್ಣ ಎಂಬತ್ತೇಳನ್ನು ತೋರಿಸಿ, ತಾನು ಪಾಸಾದ ಕತೆ ಹೇಳಲು ಹೋದ. ಮಾವನ ಬಳಿ ಚಸ್ಮಾ ಇತ್ತು. ಆತ ಫೋನನ್ನು ಕಣ್ಣಿನ ಹತ್ತಿರ ತಂದು, ಕೆಳಗಿನ ಸಣ್ಣ ಅಕ್ಷರಗಳನ್ನು ಒಂದೊಂದಾಗಿ ಓದಿ ಹೇಳಿದ. ಅಕ್ಕ ಗಟ್ಟಿಯಾಗಿ ಅಳಲಾರಂಭಿಸಿದಳು.

"ಅಲ್ಲಕ್ಕಾ, ಅದು ಮಿರ್ಚಿ ಉರಿ…"

"ಮಿರ್ಚಿ ಅಂತ, ಮಿರ್ಚಿ! ಮಾತಾಡಬ್ಯಾಡ, ದಮ್ಮು ಏರ್ತೈತಿ!"

ನಮ್ಮ ಕಡೆ ಆರಾಮಿಲ್ಲದವರನ್ನು ಮಾತಾಡಿಸಿ ಬರುವುದೆಂದರೆ ಸಾಮಾನ್ಯ ಸಂಗತಿಯಲ್ಲ. ಮದುವೆಗೆ ಬರದಿದ್ದರೆ ಕ್ಷಮೆ ಉಂಟು, ಮಾತಾಡಿಸಲು ಬರದಿದ್ದರೆ ಎರಡು ತಲೆಮಾರು ನೆನಪಿಡುತ್ತಾರೆ. ಬರುವವರು ಬ್ರೆಡ್ಡು ತರಬೇಕು, ಮನೆಯವರು ಚಾ ಕೊಡಬೇಕು, ರೋಗಿ ಮಲಗಿರಬೇಕು. ಇದರಲ್ಲಿ ಮೂರನೆಯದು ಬಹಳ ಮುಖ್ಯ. ಅಷ್ಟು ದೂರದಿಂದ ಬಸ್ಸಿನಲ್ಲಿ ನಿಂತು ಬಂದವರ ಎದುರು ರೋಗಿ ನೆಟ್ಟಗೆ ನಿಂತುಕೊಂಡರೆ ಬಂದವರ ಮುಖಕ್ಕೆ ಹೊಡೆದಂತೆ.

ಹೆಂಡತಿ ಹಂಪಮ್ಮ ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದಳು. "ಒಂದು ಗಳಿಗಿ ಹೊರಸಿನ ಮ್ಯಾಲ ಬೀಳ್ರಿ. ಅಕ್ಕಾರು ಚಾ ಕುಡದು, ನಿಮ್ಮನ್ನ ನೋಡಿ ಸಮಾಧಾನ ಮಾಡ್ಕೋತಾರ. ಹನ್ನೊಂದಕ್ಕ ಇನ್ನ ಹೊತ್ತೈತಿ."

ಅಯ್ಯಣ್ಣ ಹಗ್ಗ ಹೆಣೆದ ಹೊರಸಿನ ಮೇಲೆ ಬಿದ್ದ. ಅವನ ಆ ದಿನದ ತಪ್ಪುಗಳಲ್ಲಿ ಇದೇ ದೊಡ್ಡದು. ನಿಂತ ಮನುಷ್ಯನನ್ನು ಮಲಗಿಸಲು ಒಬ್ಬ ಅಕ್ಕ ಸಾಕು. ಮಲಗಿದ ಮನುಷ್ಯನನ್ನು ಎಬ್ಬಿಸಲು ಜಗತ್ತಿನಲ್ಲಿ ಯಾರಿಗೂ ಹಕ್ಕಿಲ್ಲ.

ಅಕ್ಕ ಚಾ ಕುಡಿಯುವಷ್ಟರಲ್ಲಿ ಹುಣಸಗಿ ಬಸ್ಸಿಗೆ ಬೀಗರು ಇಳಿದರು. ಬೀಗರಿಗೆ ಚಾ ಕಾಯಿಸುವಷ್ಟರಲ್ಲಿ ಸುರಪುರದ ಗೊಬ್ಬರದಂಗಡಿಯವರು ಮೋಟರ್‌ಸೈಕಲ್ ಮೇಲೆ ಬಂದರು. ಗೋಡೆಯ ಗೂಡಿನಲ್ಲಿ ಬ್ರೆಡ್ಡಿನ ಗೋಪುರ ಎದ್ದಿತು. ಬಂದವರೆಲ್ಲರ ಕೈಯಲ್ಲಿ ಫೋನು, ಫೋನಿನಲ್ಲಿ ಔಷಧ. ಊರಿಗೆಲ್ಲ ಔಷಧ ಹೇಳಿದವನಿಗೆ ಊರೆಲ್ಲ ಔಷಧ ಹೇಳುವ ದಿನ ಬಂದಿತ್ತು. ಒಬ್ಬರು ಬಿಸಿನೀರು ಕುಡಿಸಿದರು, ಇನ್ನೊಬ್ಬರು ಬಿಸಿನೀರು ಕುಡಿದರೆ ಅನಾಹುತ ಎಂದು ಬೆಳ್ಳುಳ್ಳಿ ಜಗಿಸಿದರು. ಬೀಗರು, "ಮೊಣಕೈ ಸಂದಿನ್ಯಾಗ ಪಟಪಟ ಬಡಿದ್ರ ರಕ್ತ ಓಡತೈತಂತ್ರಿ, ವಿಡಿಯೋ ಐತಿ," ಎಂದು ಎಡಗೈ ಹಿಡಿದು ಬಡಿದರು. ಮೊದಲೇ ನೋಯುತ್ತಿದ್ದ ಕೈ. ಅಯ್ಯಣ್ಣ, "ಅಯ್ಯೋ!" ಎಂದ.

"ನೋಡ್ರಿ, ಬ್ಯಾನಿ ಹೊರಗ ಬರಾಕತ್ತೈತಿ," ಎಂದು ಬೀಗರು ತೃಪ್ತಿಯಿಂದ ಇನ್ನಷ್ಟು ಬಡಿದರು.

ಗೊಬ್ಬರದಂಗಡಿಯವರದು ಬೇರೆ ಪಂಥ. "ಜೋರಾಗಿ ಕೆಮ್ಮಬೇಕ್ರಿ ಅಯ್ಯಣ್ಣ. ಕೆಮ್ಮಿದ್ರ ಎದಿ ನಿಂತಿದ್ದು ಚಾಲೂ ಆಗ್ತೈತಿ."

"ನಂದು ಚಾಲೂನೇ ಐತಲ್ರಿ ಸಾಹುಕಾರ್ರ!"

"ಚಾಲೂ ಇದ್ರೂ ಕೆಮ್ರಿ. ಇನ್ನ ಚಲೋ ಚಾಲೂ ಆಗ್ತೈತಿ."

ದೊಡ್ಡವರ ಮಾತು. ಅಯ್ಯಣ್ಣ ಕೆಮ್ಮಿದ. ಸಾಲದೆಂದರು, ಇನ್ನೂ ಜೋರಾಗಿ ಕೆಮ್ಮಿದ. ಒಳಗೆ ಕೆಮ್ಮು ಕೇಳಿ ಹೊರಗೆ ಕಟ್ಟೆಯ ಮೇಲಿದ್ದ ಹೆಣ್ಣುಮಕ್ಕಳು, "ಮೊದಲ ಎದಿ, ಈಗ ಪುಪ್ಪಸಕ್ಕೂ ಬಂತಂತ," ಎಂದು ಸೆರಗು ಬಾಯಿಗೆ ಹಚ್ಚಿದರು. ಆ ಸುದ್ದಿ ಬಾವಿಕಟ್ಟೆ ಮುಟ್ಟುವ ಹೊತ್ತಿಗೆ ಕಿಡ್ನಿಯೂ ಸೇರಿತ್ತು.

ನಡುವೆ ಫೋನು ಹೊಡೆದುಕೊಂಡಿತು. "ನಮಸ್ಕಾರ ಅಯ್ಯಣ್ಣ ಸರ್, ನಾವು ಜೀವಮಿತ್ರದಿಂದ. ನಿಮ್ಮ ಎಡಗೈ ನೋವು ಈಗ ಹೇಗಿದೆ? ನಿಮ್ಮಂಥವರಿಗಾಗಿಯೇ ನಮ್ಮ ಸುವರ್ಣ ಯೋಜನೆ ಇದೆ." ಅದನ್ನು ಇಡುವಷ್ಟರಲ್ಲಿ ಎಲ್ಲಿಯದೋ ವಿಮೆಯವರು. ಅದನ್ನು ಇಡುವಷ್ಟರಲ್ಲಿ ಒಬ್ಬ ಬಹಳ ನಯವಾದ ದನಿಯ ಮನುಷ್ಯ. "ಅಣ್ಣಾರ, ನಮ್ಮದು ಯಾದಗಿರಿಯೊಳಗ ಅಂತಿಮಯಾತ್ರಾ ವಾಹನ ಐತ್ರಿ. ಹೂವು ನಾವೇ ಹಾಕ್ತೀವಿ. ಅವಸರ ಏನಿಲ್ಲ, ನಿಮಗ ಅನುಕೂಲ ಆದಾಗ ಒಂದು ಮಾತು ಹೇಳ್ರಿ."

"ನನ್ನ ನಂಬರ ನಿಮಗ ಯಾರು ಕೊಟ್ರು?" ಎಂದು ಅಯ್ಯಣ್ಣ ಚೀರಿದ.

"ನೀವೇ ಹೌದು ಒತ್ತೀರಲ್ರಿ," ಎಂದ ಆ ಮನುಷ್ಯ ಅಷ್ಟೇ ನಯವಾಗಿ.

ಹನ್ನೊಂದಾಯಿತು. ಮನೆಯ ಹಿಂದೆ ಕಾಲುವೆಯ ತೂಬು ಎತ್ತಿದ ಸದ್ದು ಕೇಳಿತು. ಆಮೇಲೆ ನೀರು ಗುಳುಗುಳು ಎನ್ನುತ್ತ ಹರಿಯಲ್ಲಿ ಇಳಿಯಿತು. ಅಯ್ಯಣ್ಣನ ಕಿವಿ ನಿಮಿರಿತು, ಕಾಲುಗಳು ಹೊರಸಿನ ಮೇಲೆ ತಾವಾಗಿಯೇ ಅಲುಗಿದವು. ಎಡಕ್ಕೆ ಹೊರಳಿದ, ಬಲಕ್ಕೆ ಹೊರಳಿದ.

"ನೋಡ್ರಿ, ನೋಡ್ರಿ, ಹೆಂಗ ವಿಲವಿಲ ಒದ್ದಾಡಾಕತ್ಯಾನ!" ಎಂದಳು ಅಕ್ಕ.

"ಅಕ್ಕಾ, ನೀರು ಬಂದೈತಿ! ನನ್ನ ಪಾಳಿ!"

"ನೀರು ಬೇಕಂತ, ನೀರು ಕೊಡ್ರಿ ಅವನಿಗೆ." ಯಾರೋ ಚಮಚದಲ್ಲಿ ನೀರು ಬಿಟ್ಟರು.

"ನಾ ಹೊಲಕ್ಕ ಹೋಗ್ತೀನಿ ಅಕ್ಕಾರ," ಎಂದು ಹಂಪಮ್ಮ ಸೆರಗು ಸಿಗಿಸಿದಳು.

ಬಸ್ಸಮ್ಮ ಕಣ್ಣು ದೊಡ್ಡದು ಮಾಡಿದಳು. "ಗಂಡ ಹಿಂಗ ಮಲಗ್ಯಾನ, ನೀ ಶೇಂಗಾಕ್ಕ ನೀರು ಹಾಯ್ಸಾಕ ಹೊಂಟಿಯೇನವಾ? ಬೀಗರು ಕುಂತಾರ, ಮಂದಿ ಏನಂದಾರು?" ಹಂಪಮ್ಮ ಒಲೆಯ ಕಡೆಗೆ ತಿರುಗಿದಳು. ಚಾ ಕುಡಿಯುವವರು ಇನ್ನೂ ಆರು ಜನ ಬಂದಿದ್ದರು.

ಆಗ ಬಾಗಿಲಲ್ಲಿ ಯಂಕಣ್ಣ ಕಾಣಿಸಿಕೊಂಡ. ಯಂಕಣ್ಣನ ಕೈಯಲ್ಲಿ ಬ್ರೆಡ್ಡಿರಲಿಲ್ಲ, ತೂಬಿನ ಕೀಲಿ ಇತ್ತು. "ಅಯ್ಯಣ್ಣಾ, ಪಾಳಿ ನಿಂದು. ನೀ ಹೊಲದಾಗ ಇಲ್ಲ."

"ಬಂದ್ನ್ಯಪಾ, ಬಂದ್ನಿ!" ಎಂದು ಅಯ್ಯಣ್ಣ ಎದ್ದ. ಐದು ಜನ ಸೇರಿ ಮಲಗಿಸಿದರು.

"ನನಗ ನಿನ್ನ ಎದಿ ಗೊತ್ತಿಲ್ಲ, ಕಾಯ್ದೆ ಗೊತ್ತು," ಎಂದ ಯಂಕಣ್ಣ. "ಹೊಲದಾಗ ಮನಷ್ಯಾ ಇಲ್ಲಂದ್ರ ನೀರು ಮುಂದಿನವರಿಗೆ."

ಯಂಕಣ್ಣನ ಬೆನ್ನ ಹಿಂದಿನಿಂದ ಮಲ್ಲಣ್ಣನ ಮುಖ ಇಣುಕಿತು. ಅಷ್ಟು ದುಃಖದ ಮುಖವನ್ನು ದೇವಾಪುರ ಅದಕ್ಕೂ ಮೊದಲು ನೋಡಿರಲಿಲ್ಲ. "ಅಯ್ಯಣ್ಣಾ, ನೀ ಯಾವ ಫಿಕರ್ ಮಾಡಬ್ಯಾಡ. ನಿನ್ನ ಬದಲಿ ನಾ ನಿಂದರ್ತೀನಿ. ನಿನ್ನ ಶೇಂಗಾ ಬ್ಯಾರೆ ಅಲ್ಲ, ನನ್ನ ಶೇಂಗಾ ಬ್ಯಾರೆ ಅಲ್ಲ."

ಅಯ್ಯಣ್ಣನಿಗೆ ಹೆದರಿಕೆಯಾದದ್ದೇ ಆ ಕೊನೆಯ ಮಾತಿನಿಂದ. ಆದರೆ ಉಳಿದವರೆಲ್ಲ, "ಎಂಥಾ ಒಳ್ಳೆ ಮನಷ್ಯಾ," ಎಂದು ಮಲ್ಲಣ್ಣನನ್ನು ಹರಸಿ ಕಳುಹಿಸಿದರು.

ಅಯ್ಯಣ್ಣ ಉಪಾಯ ಮಾಡಿದ. ಹೊಟ್ಟೆ ಹಿಡಿದುಕೊಂಡು ತಂಬಿಗೆ ಕೇಳಿದ. ತಂಬಿಗೆ ಹಿಡಿದು ಹೊರಟವನನ್ನು ಯಾವ ಧರ್ಮವೂ ತಡೆಯುವುದಿಲ್ಲ ಎಂಬುದು ಅವನ ಲೆಕ್ಕ. ತಡೆಯಲಿಲ್ಲ, ಜೊತೆಗೆ ಬಂದರು. ಒಂಟಿಯಾಗಿ ಬಿಡಬೇಡಿ ಎಂದು ಬರೆದಿತ್ತಲ್ಲ. ಮಾವ ಮುಂದೆ, ಬೀಗರು ಹಿಂದೆ, ಬಿಸಿಲಿಗೆ ಮೇಲೊಂದು ಕೊಡೆ. ಮೆರವಣಿಗೆ ಹಿತ್ತಲವರೆಗೂ ಹೋಗಿ, ತಂಬಿಗೆಯ ನೀರನ್ನಷ್ಟೇ ಬೇವಿನ ಗಿಡಕ್ಕೆ ಹಾಕಿ, ತಿರುಗಿ ಬಂತು.

ಅಷ್ಟರಲ್ಲಿ ಊರಿನ ಆರೋಗ್ಯ ಉಪಕೇಂದ್ರದ ಸಿಸ್ಟರ್ ಸುಂದ್ರಮ್ಮ ಬಂದಳು. ಅಯ್ಯಣ್ಣನಿಗೆ ದೇವರೇ ಬಂದಂತಾಯಿತು. ಸುಂದ್ರಮ್ಮ ತೋಳಿಗೆ ಪಟ್ಟಿ ಕಟ್ಟಿ ಬಿಪಿ ನೋಡಿದಳು, ನಾಡಿ ನೋಡಿದಳು, ಕಣ್ಣು ನೋಡಿದಳು. "ಬಿಪಿ ನನಗಿಂತ ಚಲೋ ಐತಿ. ಈ ಮನಷ್ಯಾಗ ಏನಾಗೇತ್ರಿ?"

"ಕೇಳಿದ್ರೇನು? ಕೇಳಿದ್ರೇನು?" ಎಂದು ಅಯ್ಯಣ್ಣ ಎದ್ದು ಕೂತ.

ಬಸ್ಸಮ್ಮ ಅಷ್ಟು ಸುಲಭಕ್ಕೆ ಒಪ್ಪುವವಳಲ್ಲ. "ಸಿಸ್ಟರ್, ಫೋನಿನ್ಯಾಗ ಎಂಬತ್ತೇಳು ಬಂದೈತಿ. ನಿಮ್ಮ ಮಷಿನ್ ಸರ್ಕಾರದ್ದು."

"ಫೋನು ಇವರನ್ನ ಮುಟ್ಟಿ ನೋಡೈತೇನ್ರಿ? ನಾ ಮುಟ್ಟಿ ಹೇಳಾಕತ್ತೀನಿ."

"ಹಂಗಾದ್ರ ಆರಾಮ ಅದಾನ ಅಂತ ಬರೆದು ಕೊಡ್ರಿ," ಎಂದರು ಬೀಗರು.

ಸುಂದ್ರಮ್ಮ ಚೀಲದಿಂದ ತನ್ನ ಟ್ಯಾಬು ತೆಗೆದಳು. "ಈಗ ಕಾಗದದ ಮ್ಯಾಲ ಬರ್ಯಾಂಗಿಲ್ರಿ, ಇದರಾಗ ಏರಿಸಬೇಕು. ನಿಮ್ಮ ಫೋನಿಗೆ ಓಟಿಪಿ ಬರ್ತೈತಿ, ಹೇಳ್ರಿ."

ಓಟಿಪಿ ಹೇಗೆ ಬರಬೇಕು? ಹತ್ತು ಕಡೆಯಿಂದ ಕರೆ ಬಂದು ಬಂದು ಫೋನಿನ ಬ್ಯಾಟರಿ ಸತ್ತಿತ್ತು. ಕರೆಂಟು ಇರಲಿಲ್ಲ. ಸುಂದ್ರಮ್ಮ ಕೈಚೆಲ್ಲಿದಳು. "ಅಣ್ಣಾರ, ನನ್ನ ಲೆಕ್ಕಕ್ಕ ನೀವು ಆರಾಮ ಅದೀರಿ. ಸರ್ಕಾರದ ಲೆಕ್ಕಕ್ಕ ಓಟಿಪಿ ಬಂದಮ್ಯಾಲ ಆರಾಮ ಆಗ್ತೀರಿ."

ಅಲ್ಲಿಗೆ ಮಾವ ಎದ್ದು ನಿಂತು ತೀರ್ಪು ಕೊಟ್ಟ. "ಇಲ್ಲಿ ಕುಂತು ವಾದ ಮಾಡೂದು ಬ್ಯಾಡ. ಯಾದಗಿರಿಗೆ ದೊಡ್ಡ ದವಾಖಾನಿಗೆ ಒಯ್ಯೂಣು." ಬಾಷುಮಿಯಾನಿಗೆ ಚಾದಂಗಡಿಯ ಜೊತೆಗೆ ಒಂದು ಟಂಟಂ ಗಾಡಿಯೂ ಇತ್ತು. ತನ್ನ ಮಿರ್ಚಿಯ ಇಜ್ಜತ್ತಿಗಾಗಿ ಹೌದು ಒತ್ತಿಸಿದ್ದು ಅವನ ಮನಸ್ಸನ್ನು ಕೊರೆಯುತ್ತಿತ್ತೇನೋ, ಕೇಳಿದ ಕೂಡಲೇ ಗಾಡಿ ತಂದು ಡಾಂಬರು ರಸ್ತೆಯಲ್ಲಿ ನಿಲ್ಲಿಸಿದ. ಮನೆಯಿಂದ ರಸ್ತೆಗೆ ಕಾಲುವೆ ಏರಿಯ ಮೇಲೆ ಕಾಲುದಾರಿ. ಅಯ್ಯಣ್ಣ ನಡೆದೇ ಬರುತ್ತೇನೆ ಎಂದ. ನಡೆಯುವುದೇ? ಹೊರಸಿನ ಸಮೇತ ಎತ್ತಿದರು.

ಮಾವ, ಬೀಗರು ಮುಂದಿನ ಕಾಲು ಹಿಡಿದರು, ಗೊಬ್ಬರದಂಗಡಿಯವರು ಮತ್ತು ಅವರ ಗುಮಾಸ್ತ ಹಿಂದಿನ ಕಾಲು. ಪಕ್ಕದಲ್ಲಿ ಕೊಡೆ ಹಿಡಿದ ಅಕ್ಕ, ಅವಳ ಹಿಂದೆ ಓಟಿಪಿಗಾಗಿ ಕಾಯುತ್ತಿದ್ದ ಸುಂದ್ರಮ್ಮ, ಅವಳ ಹಿಂದೆ ಅರ್ಧ ದೇವಾಪುರ. ಹಂಪಮ್ಮ ಬಾಗಿಲು ಎಳೆದುಕೊಂಡು, ಮಾವ ಮೂಲೆಯಲ್ಲಿಟ್ಟಿದ್ದ ಸಲಿಕೆಯನ್ನು ಸುಮ್ಮನೆ ಕೈಯಲ್ಲಿ ಹಿಡಿದುಕೊಂಡು ಬಂದಳು. ಯಾಕೆಂದು ಯಾರೂ ಕೇಳಲಿಲ್ಲ.

ಏರಿ ಹತ್ತಿದಾಗ ಅಯ್ಯಣ್ಣ ಹೊರಸಿನ ಮೇಲಿನಿಂದ ಕತ್ತು ಹೊರಳಿಸಿ ಹೊಲ ನೋಡಿದ. ಅವನ ಹೊಲದ ಹರಿಯ ಬಾಯಿಗೆ ಕಲ್ಲು, ಕಲ್ಲಿನ ಮೇಲೆ ಹಸಿ ಮಣ್ಣು, ಮಣ್ಣಿನ ಮೇಲೆ ಮಲ್ಲಣ್ಣನ ಹಳೆಯ ಗೋಣಿಚೀಲ. ನೀರೆಲ್ಲ ಅತ್ತ ಒಂದು ನೋಟವನ್ನೂ ಹಾಕದೆ ನೇರವಾಗಿ ಕೆಳಗಿನ ಹೊಲಕ್ಕೆ ಇಳಿಯುತ್ತಿತ್ತು. ಅಯ್ಯಣ್ಣನ ಶೇಂಗಾ ಎಲೆ ಮಡಚಿಕೊಂಡು ನಿಂತಿತ್ತು. ಮಲ್ಲಣ್ಣ ಧೋತರ ಎತ್ತಿ ಕಟ್ಟಿ, ತನ್ನ ಹೊಲದ ಈ ಮೂಲೆಯಿಂದ ಆ ಮೂಲೆಗೆ ನೀರು ತಿರುಗಿಸುತ್ತ ಓಡಾಡುತ್ತಿದ್ದ.

ಅಯ್ಯಣ್ಣ ಹಾರಿದ.

ಹೊರಸು ಒಮ್ಮೆಲೇ ಮೇಲೆದ್ದಿತು. ಮುಂದೆ ಹೊತ್ತಿದ್ದ ಮಾವನಿಗೆ ಹಿಂದೇನಾಯಿತೆಂದು ಕಾಣುತ್ತಿರಲಿಲ್ಲ. ಭಾರ ಕಡಿಮೆಯಾದದ್ದಷ್ಟೇ ಗೊತ್ತಾಯಿತು. "ಹಗರ ಆದಲ್ಲೋ! ಜೀವಾ ಹೋತಲ್ಲೋ!" ಎಂದು ಅಲ್ಲಿಯೇ ಗೋಳಾಡಿದ. ಬಸ್ಸಮ್ಮ ಅವನ ದನಿಗೆ ದನಿ ಸೇರಿಸಿದವಳು, ಹೋದ ಜೀವ ಏರಿಯ ಕೆಳಗೆ ಹೆಂಡತಿಯ ಕೈಯಿಂದ ಸಲಿಕೆ ಕಸಿದುಕೊಂಡು ಓಡುತ್ತಿದ್ದುದನ್ನು ಕಂಡು ಅಳುವನ್ನು ನಡುವೆಯೇ ನುಂಗಿದಳು.

"ಓಡಬ್ಯಾಡೋ ತಮ್ಮಾ! ಒಂಟಿಯಾಗಿ ಓಡಬ್ಯಾಡೋ!"

ತಮ್ಮ ಒಂಟಿಯಾಗಿಯೇ ಓಡಿದ. ಗೋಣಿಚೀಲವನ್ನು ಸಲಿಕೆಯಿಂದ ಎತ್ತಿ ಆಕಾಶಕ್ಕೆ ಹಾರಿಸಿದ, ಎರಡೇ ಏಟಿಗೆ ಮಣ್ಣು ಒಡೆದ, ಕಲ್ಲು ಕಿತ್ತು ಕಾಲುವೆಗೆ ಎಸೆದ. ನೀರು ಒಂದು ಕ್ಷಣ ಅನುಮಾನಿಸಿ, ಆಮೇಲೆ ಬುಸ್ಸೆಂದು ಅಯ್ಯಣ್ಣನ ಹೊಲಕ್ಕೆ ನುಗ್ಗಿತು. ಯಾದಗಿರಿ ದವಾಖಾನೆಗೆ ಹೋಗಬೇಕಾಗಿದ್ದ ಮನುಷ್ಯ ಸಲಿಕೆ ಎತ್ತಿಕೊಂಡು ತನ್ನ ಕಡೆಗೇ ಬರುವುದನ್ನು ನೋಡಿ ಮಲ್ಲಣ್ಣ ಓಡಿದ. ಒಡ್ಡು ಹತ್ತಿದ, ಜಾರಿದ, ಇನ್ನೊಮ್ಮೆ ಹತ್ತಿ ಏರಿಯ ಮೇಲೆ ಎಲ್ಲರ ಕಾಲ ಬಳಿಯೇ ಬಂದು ಬಿದ್ದ.

ಜನ ಸುತ್ತುಗಟ್ಟಿದರು, ತೂಬಿನ ಬಳಿಯಿದ್ದ ಯಂಕಣ್ಣನೂ ಬಂದ. ಮಲ್ಲಣ್ಣನ ಮೈಯೆಲ್ಲ ಬೆವರು. ಎದೆ ಏರಿ ಇಳಿಯುತ್ತಿತ್ತು.

"ಯಾಕೋ ಮಲ್ಲಣ್ಣಾ? ಏನಾತು?" ಎಂದಳು ಬಸ್ಸಮ್ಮ.

ಮಲ್ಲಣ್ಣ ಏನು ಹೇಳಬೇಕು? ರೋಗಿಷ್ಠನ ನೀರು ಕದಿಯಲು ಓಡಾಡಿ ದಮ್ಮು ಬಂತೆನ್ನಬೇಕೆ? ಬಾಯಿ ತೆರೆದ, ಯಂಕಣ್ಣನನ್ನು ನೋಡಿದ, ಮುಚ್ಚಿದ.

"ಅಯ್ಯೋ ಶಿವನೇ, ಇವನ ಮಾತು ನಿಂತೈತಿ!"

ಸುಂದ್ರಮ್ಮ ಕೂತು ತೋಳಿಗೆ ಪಟ್ಟಿ ಕಟ್ಟಿದಳು. ಒಮ್ಮೆ ನೋಡಿದಳು, ಮತ್ತೊಮ್ಮೆ ನೋಡಿದಳು, ಹುಬ್ಬು ಏರಿಸಿದಳು. "ಇವರದು ಖರೇನೇ ಏರೈತ್ರಿ. ಈಗ ಓಡಿ ಬಂದದ್ದಕ್ಕೂ ಇರಬಹುದು, ಆದ್ರೂ ಇಷ್ಟು ಇರಬಾರದು. ಗಾಡಿ ಹೆಂಗೂ ಬಂದೈತಿ, ದವಾಖಾನಿಗೆ ತೋರಿಸೂದು ಚಲೋ."

ಅಷ್ಟು ಸಾಕಾಯಿತು. ಬೆಳಗಿನಿಂದ ಬಸ್ಸು ಹತ್ತಿ, ಅತ್ತು, ಬಡಿದು, ಹೊತ್ತು ದಣಿದ ಜನರಿಗೆ ಕೊನೆಗೂ ಮಾತು ನಿಂತ, ಬೆವರಿದ, ಎದುರು ವಾದಿಸದ ಒಬ್ಬ ರೋಗಿ ಸಿಕ್ಕಿದ್ದ. ಖಾಲಿ ಹೊರಸನ್ನು ಇಳಿಸಿದರು. ಮಲ್ಲಣ್ಣ, "ನಾ… ನೀರು…" ಎಂದು ತೊದಲಿದ. ಚಮಚದಲ್ಲಿ ನೀರು ಬಿಟ್ಟರು. ಅವನನ್ನು ಹೊರಸಿನ ಮೇಲೆ ಹಾಕಿ, ನಾಲ್ಕೂ ಜನ ಹೊಸ ಹುರುಪಿನಿಂದ ಎತ್ತಿದರು. ಬೀಗರು ನಡೆಯುತ್ತಲೇ ಇನ್ನೊಂದು ಕೈಯಿಂದ ಅವನ ಮೊಣಕೈ ಬಡಿಯತೊಡಗಿದರು.

ಏರಿಯ ಮೇಲಿನಿಂದ ಯಂಕಣ್ಣ ಕೂಗಿದ. "ಹೊಲದಾಗ ಯಾರದೀರಿ ಈಗ?"

"ನಾ ಅದೀನಿ! ಅಯ್ಯಣ್ಣ!" ಮೊಣಕಾಲುದ್ದದ ಕೆಸರಿನಿಂದ ಉತ್ತರ ಬಂತು.

"ಹಂಗಾದ್ರ ಹೊತ್ತು ಮುಳಗೂತನಕ ನೀರು ನಿಂದು." ಕಾಯಿದೆ ಅಷ್ಟಕ್ಕೇ ಮುಗಿಯಿತು. ಯಂಕಣ್ಣ ಕೀಲಿ ಹೆಗಲಿಗೆ ಹಾಕಿಕೊಂಡು ಹೋದ.

ಹೊರಸಿನ ಹಿಂದೆ ಜನ ಹೊರಟರು. ಬಸ್ಸಮ್ಮ ಒಂದು ಗಳಿಗೆ ನಿಂತು ತಮ್ಮನನ್ನು ಕರೆದಳು. "ನೀನೂ ಬಾರೋ ಯಾದಗಿರಿಗೆ. ಮಲ್ಲಣ್ಣನ ಹಂತ್ಯಾಕ ಗುರ್ತಿನವರು ಯಾರರೆ ಒಬ್ರು ಇರಬೇಕು."

"ಕಡೀ ನೀರು ಬಿಟ್ಟು ಹೆಂಗ ಬರ್ಲಿ ಅಕ್ಕಾ?"

"ಎಂಥಾ ಕಲ್ಲಮನಸಿನವನೋ ನೀ! ನಿನ್ನ ಪಾಳಿ ಕಾಯಾಕ ಹೋಗಿ ಆ ಜೀವ ಹಿಂಗಾಗೇತಿ. ಗಟ್ಟಿಮುಟ್ಟಿ ಇದ್ದವರಿಗೆ ಇಷ್ಟು ಸೊಕ್ಕು ಇರಬಾರದು," ಎಂದು ಬೈದು, ಅಕ್ಕ ಕೊಡೆ ಬಿಚ್ಚಿ ಮಲ್ಲಣ್ಣನ ಹೊರಸಿನ ಜೊತೆ ಹೆಜ್ಜೆ ಹಾಕಿದಳು. ಸ್ವಲ್ಪ ಹೊತ್ತಿಗೆ ಟಂಟಂ ಶಬ್ದ ಮಾಡಿ ಹೊರಟುಹೋಯಿತು.

ಹೊಲದಲ್ಲಿ ಉಳಿದವರು ಇಬ್ಬರೇ. ನೀರು ಒಂದೊಂದೇ ಮಡಿ ತುಂಬುತ್ತ ಮುಂದೆ ಸಾಗುತ್ತಿತ್ತು. ಒಣಗಿದ ಮಣ್ಣು ಅದನ್ನು ಸರ್ರೆಂದು ಹೀರುವ ಸದ್ದು ಕೇಳುತ್ತಿತ್ತು. ಹಂಪಮ್ಮ ಆ ತುದಿಯಲ್ಲಿ ನಿಂತು, "ಆ ಮಡಿ ಕಟ್ರಿ ಜಲ್ದಿ, ನೀರು ಹೊರಗ ಹೊಂಟೈತಿ!" ಎಂದಳು. ಅಯ್ಯಣ್ಣ ಕಟ್ಟಿದ. ಹೊತ್ತು ಕಂತುವ ಮೊದಲೇ ಮೂಲೆಯ ಕೊನೆಯ ಸಾಲಿನ ಶೇಂಗಾದ ಬುಡವೂ ನೆಂದಿತು.

ಸಲಿಕೆಗೆ ಆತು ನಿಂತು ಅಯ್ಯಣ್ಣ ಏರಿಯ ಕಡೆ ನೋಡಿದ. ಮಧ್ಯಾಹ್ನ ಕಾಲಿಡಲು ಜಾಗವಿಲ್ಲದಿದ್ದ ಏರಿಯ ಮೇಲೆ ಈಗ ಒಂದು ನಾಯಿಯೂ ಇರಲಿಲ್ಲ. ಅಕ್ಕ ತಿರುಗಿಯೂ ನೋಡದೆ ಹೋದಳಲ್ಲ ಎನ್ನಿಸಿದಾಗ, ಎದೆಯೊಳಗೆ ಎಡಗಡೆ ಏನೋ ಸಣ್ಣಗೆ ಚುಚ್ಚಿದಂತಾಯಿತು.

"ಯಾಕ್ರಿ ಹಂಗ ನಿಂತೀರಿ? ಏನಾತು?" ಎಂದಳು ಹಂಪಮ್ಮ.

ಅಯ್ಯಣ್ಣ ಸುತ್ತ ಒಮ್ಮೆ ನೋಡಿ, ದನಿ ತಗ್ಗಿಸಿ, "ಏನಿಲ್ಲ," ಎಂದ.